ಬೀಜದಲ್ಲಿ ಬಂದ ಬೇನೆ

ವಂಶದಿಂದ ಬಂದ ನರರೋಗವಿರುವ ಹೆಣ್ಣು ಬಸುರಾದಾಗ ಎರಡು ಪ್ರಶ್ನೆಗಳು ಒಟ್ಟೊಟ್ಟಿಗೆ ಏಳುತ್ತವೆ. ಬಸುರು, ಹೆರಿಗೆ ಅವಳ ಮೈಗೆ ಏನು ಮಾಡುತ್ತವೆ ಎಂಬುದು ಒಂದು. ರೋಗ ಮಗುವಿಗೂ ಹೋಗಬಹುದೆಂದು ಗೊತ್ತಿದ್ದೂ ಹೆರುವುದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದು ವೈದ್ಯಕ್ಕೆ ಸೇರಿದ್ದು, ಎರಡನೆಯದು ಧರ್ಮಕ್ಕೆ. ಮನೆಗಳಲ್ಲಿ ಮೊದಲು ಬಾಯಿಗೆ ಬರುವುದು ಎರಡನೆಯದೇ. ಅದನ್ನು ಕೇಳುವುದೂ ಬಹುಮಟ್ಟಿಗೆ ಸೊಸೆಯನ್ನೇ. ರೋಗ ಗಂಡನ ಕಡೆಯಿಂದ ಬಂದಿದ್ದರೆ ಪ್ರಶ್ನೆಯ ದನಿ ಎಷ್ಟೋ ಮೆತ್ತಗಾಗುತ್ತದೆ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಜಾಂಬೋಟಿಯ ದಾರಿ ಕವಲೊಡೆಯುವಲ್ಲಿರುವ ಪೀರನವಾಡಿಯಂಥ ಊರಿನಲ್ಲಿ ಇದಕ್ಕೆ ಒಂದೇ ಶಾಸ್ತ್ರದ ಉತ್ತರ ಸಿಗುವುದಿಲ್ಲ. ಹೆಸರಿನಲ್ಲೇ ಪೀರರನ್ನು ಹೊತ್ತ ಊರು ಅದು. ಮರಾಠಿ, ಕನ್ನಡ, ಉರ್ದು ಮೂರೂ ಅಲ್ಲಿನ ಓಣಿಗಳಲ್ಲಿ ಕೇಳಿಸುತ್ತವೆ. ಸುತ್ತಲ ಸೀಮೆಯಲ್ಲಿ ಲಿಂಗಾಯತರು, ಮರಾಠರು, ಮುಸ್ಲಿಮರು, ಜೈನರು, ಗೋವೆಯ ಕಡೆಯ ಕ್ರೈಸ್ತರು ಎಲ್ಲರೂ ಇದ್ದಾರೆ. ಹೆರಿಗೆಯ ಆಸ್ಪತ್ರೆ ಎಲ್ಲರಿಗೂ ಒಂದೇ, ಹಣೆಬರಹದ ವ್ಯಾಖ್ಯಾನ ಮಾತ್ರ ಮನೆಗೊಂದು.

ರೋಗದ ಸ್ವರೂಪವನ್ನು ತಿಳಿಯದೆ ಧರ್ಮದ ಪ್ರಶ್ನೆ ಸ್ಪಷ್ಟವಾಗುವುದಿಲ್ಲ. ‘ನರದೌರ್ಬಲ್ಯ’ ಎಂಬ ಮಾತನ್ನು ಬಸ್ ನಿಲ್ದಾಣದ ಗೋಡೆಬರಹಗಳು ಬೇರೆಯೇ ಅರ್ಥಕ್ಕೆ ಎಳೆದು ಕೆಡಿಸಿಬಿಟ್ಟಿವೆ. ಅದಕ್ಕೂ ಇಲ್ಲಿ ಹೇಳುವ ರೋಗಗಳಿಗೂ ಏನೇನೂ ಸಂಬಂಧವಿಲ್ಲ. ಇವುಗಳಲ್ಲಿ ಹೆಚ್ಚು ಕಾಣುವುದು ಶಾರ್ಕೊ–ಮೇರಿ–ಟೂತ್ ರೋಗ. 1886ರಲ್ಲಿ ಪ್ಯಾರಿಸ್ಸಿನ ಶಾರ್ಕೊ ಮತ್ತು ಮೇರಿ, ಇಂಗ್ಲೆಂಡಿನ ಟೂತ್ ಇದನ್ನು ವಿವರಿಸಿದರು. ಸುಮಾರು 2,500 ಜನರಲ್ಲಿ ಒಬ್ಬರಿಗೆ ಇರುತ್ತದೆಂಬುದು ರೂಢಿಯ ಲೆಕ್ಕ. ಮಿದುಳಿಗೂ ಮಾತಿಗೂ ಸಾಮಾನ್ಯವಾಗಿ ತೊಂದರೆಯಿಲ್ಲ. ಕೈಕಾಲುಗಳ ತುದಿಗೆ ಹೋಗುವ ಉದ್ದನೆಯ ನರಗಳು ನಿಧಾನವಾಗಿ ಸೊರಗುತ್ತವೆ. ಮೊಣಕಾಲ ಕೆಳಗಿನ ಮಾಂಸಖಂಡ ಕರಗುತ್ತದೆ, ಅಂಗಾಲಿನ ಕಮಾನು ಎತ್ತರವಾಗುತ್ತದೆ, ಮುಂಗಾಲು ಮೇಲೇಳದೆ ಜೋಲುತ್ತದೆ. ನಡೆಯುವಾಗ ಮೊಣಕಾಲನ್ನು ಎತ್ತೆತ್ತಿ ಇಡಬೇಕಾಗುತ್ತದೆ. ಒಂದು ಕಾಲಿನ ಚಪ್ಪಲಿ ಎಲ್ಲೋ ಕಳಚಿಬಿದ್ದರೂ ಹತ್ತು ಹೆಜ್ಜೆ ಹೋಗುವವರೆಗೆ ಗೊತ್ತಾಗದಿರುವುದು ಈ ರೋಗದ ಮನೆಮಾತಿನ ಲಕ್ಷಣ. ಹಳ್ಳಿಗಳಲ್ಲಿ ಇದಕ್ಕೆ ಜೋಮು, ವಾತ ಎಂದು ಹೆಸರು. ನರ ದಪ್ಪಗಾಗಿರುವುದು, ಬೆರಳು ಮಡಚಿಕೊಂಡಿರುವುದು, ಅಂಗಾಲಿನಲ್ಲಿ ಮಾಯದ ಹುಣ್ಣು ಇವುಗಳಿಂದಾಗಿ ಇದನ್ನು ಕುಷ್ಠವೆಂದು ತಪ್ಪಾಗಿ ತಿಳಿಯುವುದೂ ಉಂಟು.

ಕುಷ್ಠದ ಮಾತು ಬಂದಾಗ ಅದರ ಚರಿತ್ರೆಯನ್ನೂ ನೆನೆಯಬೇಕು. 1847ರಲ್ಲಿ ನಾರ್ವೆಯ ಡ್ಯಾನಿಯೆಲ್ಸನ್ ಮತ್ತು ಬೋಯೆಕ್ ಎಂಬ ತಜ್ಞರು ಕುಷ್ಠ ವಂಶಪಾರಂಪರ್ಯ ರೋಗವೆಂದು ಸಾರಿದ್ದರು. 1873ರಲ್ಲಿ ಅದೇ ದೇಶದ ಹ್ಯಾನ್ಸೆನ್ ಅದರ ರೋಗಾಣುವನ್ನು ಕಂಡ. ಹುಟ್ಟಿನಿಂದ ಬಂದದ್ದೆಂದು ನಂಬಿದ್ದ ರೋಗ ಒಂದು ಕ್ರಿಮಿಯ ಕೆಲಸವೆಂದು ಗೊತ್ತಾಯಿತು. ವಿಜ್ಞಾನ ಹಾಗೆ ತಿದ್ದಿಕೊಂಡರೂ ಕುಷ್ಠವಿದ್ದ ಮನೆಯ ಹೆಣ್ಣನ್ನು ತರುವ ಹಿಂಜರಿಕೆ ಹೋಗಲಿಲ್ಲ. ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಕುಷ್ಠವನ್ನು ನಮ್ಮ ಕಾನೂನು ತೆಗೆದುಹಾಕಿದ್ದೇ 2019ರಲ್ಲಿ. ‘ವಂಶದ ರೋಗ’ ಎಂಬ ಮಾತಿನಲ್ಲಿ ಕಾರಣದ ವಿವರಣೆಗಿಂತ ಕಳಂಕ ಹೆಚ್ಚಿರುತ್ತದೆ.

ಶಾರ್ಕೊ–ಮೇರಿ–ಟೂತ್ ನಿಜವಾಗಿಯೂ ವಂಶದ ರೋಗ. ಅದರ ಅತಿ ಸಾಮಾನ್ಯ ಬಗೆಯ ಮೂಲ 1991ರಲ್ಲಿ ತಿಳಿಯಿತು. ಹದಿನೇಳನೆಯ ವರ್ಣತಂತುವಿನ ಒಂದು ತುಂಡು ಎರಡು ಸಲ ಬರೆದಂತಾಗಿ, ಅದರಲ್ಲಿರುವ ಪಿಎಂಪಿ22 ಎಂಬ ವಂಶವಾಹಿ ಒಂದು ಪ್ರತಿ ಹೆಚ್ಚಾಗಿರುತ್ತದೆ. ಅದೇ ತುಂಡು ಒಂದು ಪ್ರತಿ ಕಡಿಮೆಯಾದರೆ ಬೇರೆ ರೋಗ: ಒತ್ತಡ ಬಿದ್ದಲ್ಲೆಲ್ಲ ನರ ಸೋಲುತ್ತದೆ. ಕಾಲು ಮಡಚಿ ಕೂತರೆ ಪಾದ ಸೋಲುತ್ತದೆ, ಮೊಣಕೈ ಊರಿ ಮಲಗಿದರೆ ಕಿರುಬೆರಳು. 1947ರಲ್ಲಿ ಡಚ್ ವೈದ್ಯ ಡಿ ಯೊಂಗ್ ಇದನ್ನು ಮೊದಲು ಗುರುತಿಸಿದ್ದು ಆಲೂಗಡ್ಡೆ ಕೀಳಲು ಮೊಣಕಾಲೂರಿ ಕೆಲಸ ಮಾಡುತ್ತಿದ್ದ ಒಂದು ಮನೆತನದಲ್ಲಿ. ಬೆಳಗಾವಿಯ ಬಟಾಟಿ ಹೊಲಗಳಲ್ಲೂ ಖಾನಾಪುರದ ಭತ್ತದ ಗದ್ದೆಗಳಲ್ಲೂ ಹೆಂಗಸರು ದಿನವಿಡೀ ಕುಕ್ಕರಗಾಲಲ್ಲಿ ಇರುವುದನ್ನು ಕಂಡವರಿಗೆ ಈ ವಿವರ ಹೊರದೇಶದ್ದೆನಿಸುವುದಿಲ್ಲ.

ಈ ಎರಡೂ ರೋಗಗಳು ತಂದೆತಾಯಿಗಳಲ್ಲಿ ಒಬ್ಬರಿಂದಲೇ ಬರಬಲ್ಲವು. ಪ್ರತಿ ಬಸುರಿನಲ್ಲೂ ಮಗುವಿಗೆ ಹೋಗುವ ಸಂಭವ ಅರ್ಧಕ್ಕರ್ಧ. ಮೊದಲ ಮಗುವಿಗೆ ಬಂತೆಂದು ಎರಡನೆಯದಕ್ಕೆ ಬರುವುದಿಲ್ಲ ಎಂದೇನಿಲ್ಲ. ಪ್ರತಿ ಸಲವೂ ನಾಣ್ಯ ಹೊಸದಾಗಿಯೇ ಚಿಮ್ಮುತ್ತದೆ. ಬಂದರೂ ಎಷ್ಟು ತೀವ್ರವಾಗಿರುತ್ತದೆಂದು ಮೊದಲೇ ಹೇಳಲಾಗದು. ಒಂದೇ ಮನೆಯಲ್ಲಿ ಅಜ್ಜಿ ಎಂಬತ್ತರಲ್ಲೂ ಓಡಾಡಿಕೊಂಡಿದ್ದು ಮೊಮ್ಮಗ ಹದಿನೈದಕ್ಕೇ ಕಾಲಿಗೆ ಆಸರೆಪಟ್ಟಿ ಕಟ್ಟಿಕೊಳ್ಳಬೇಕಾಗಿ ಬರಬಹುದು. ಇನ್ನು ಕೆಲವು ಬಗೆಗಳಲ್ಲಿ ತಂದೆ ತಾಯಿ ಇಬ್ಬರೂ ದೋಷವನ್ನು ಗುಟ್ಟಾಗಿ ಹೊತ್ತಿದ್ದರೆ ಮಾತ್ರ, ನಾಲ್ಕರಲ್ಲಿ ಒಂದು ಪಾಲು ಸಂಭವದಲ್ಲಿ, ಮಗುವಿಗೆ ರೋಗ ಬರುತ್ತದೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುವ ಮನೆಗಳಲ್ಲಿ ಈ ಜೋಡಿ ಕೂಡಿಬರುವುದು ಸುಲಭ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನಾಲ್ಕರಲ್ಲೊಂದಕ್ಕಿಂತ ತುಸು ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೇ ನಡೆದಿವೆ. ಇದು ಇಂದಿನ ಚಾಳಿಯಲ್ಲ. ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವುದು ದಕ್ಷಿಣದವರ ವಿಶೇಷ ಆಚಾರವೆಂದು ಬೌಧಾಯನ ಧರ್ಮಸೂತ್ರವೇ ಪಟ್ಟಿಮಾಡಿದೆ. 1955ರ ಹಿಂದೂ ವಿವಾಹ ಕಾಯ್ದೆಯೂ ನಿಷಿದ್ಧ ಸಂಬಂಧಗಳನ್ನು ಹೇಳಿ, ರೂಢಿ ಒಪ್ಪಿದರೆ ಅಡ್ಡಿಯಿಲ್ಲವೆಂದು ಬಾಗಿಲು ತೆರೆದಿಟ್ಟಿದೆ.

ಬಸುರು ಈ ನರಗಳನ್ನು ಹೇಗೆ ಕಾಡುತ್ತದೆ ಎಂಬುದರಲ್ಲಿ ಒಂದು ವಿಚಿತ್ರವಿದೆ. ಗರ್ಭವನ್ನು ನಿಲ್ಲಿಸುವ ಪ್ರೊಜೆಸ್ಟೆರಾನ್ ಹಾರ್ಮೋನು ಪಿಎಂಪಿ22 ವಂಶವಾಹಿಯ ಕೆಲಸವನ್ನೂ ಹೆಚ್ಚಿಸುತ್ತದೆ. ಈ ರೋಗವಿರುವ ಇಲಿಗಳಿಗೆ ಪ್ರೊಜೆಸ್ಟೆರಾನ್ ಕೊಟ್ಟಾಗ ರೋಗ ಬಿಗಡಾಯಿಸಿತು, ಅದನ್ನು ತಡೆಯುವ ಔಷಧ ಕೊಟ್ಟಾಗ ಸುಧಾರಿಸಿತು ಎಂದು 2003ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಮಗುವನ್ನು ಕಾಯುವ ರಸವೇ ತಾಯಿಯ ನರವನ್ನು ತಿನ್ನಬಹುದೆಂಬ ಊಹೆಗೆ ಇದೇ ಆಧಾರ. ಊಹೆ ಎನ್ನುವುದು ಉದ್ದೇಶಪೂರ್ವಕ. ಹೆಂಗಸರಲ್ಲಿ ಲೆಕ್ಕ ಅಷ್ಟು ಭಯಂಕರವಾಗಿ ಬಂದಿಲ್ಲ. ಹಳೆಯ ಅಧ್ಯಯನಗಳಲ್ಲಿ ಮೂರರಲ್ಲೊಂದರಷ್ಟು ಬಸುರುಗಳಲ್ಲಿ ಬಲಹೀನತೆ ಹೆಚ್ಚಾಯಿತೆಂಬ ವರದಿಯಿದ್ದರೆ, ಇಟಲಿಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದು ಹತ್ತರಲ್ಲೊಂದಕ್ಕಿಂತ ಕಡಿಮೆ. ಹೆಚ್ಚಾದ ಬಲಹೀನತೆ ಎಲ್ಲರಲ್ಲೂ ಹೆರಿಗೆಯ ನಂತರ ಹಿಂದೆ ಸರಿಯುವುದಿಲ್ಲ ಎಂಬುದನ್ನೂ ಹೇಳಬೇಕು.

ಹೆರಿಗೆಯ ಮಾತಿಗೆ ಬಂದರೆ, ಗರ್ಭಕೋಶದ ನೋವು ಕೈಕಾಲಿನ ನರಗಳ ಹಂಗಿನಲ್ಲಿಲ್ಲ. ಹಾಗಾಗಿ ಬಹಳಷ್ಟು ಹೆಂಗಸರಿಗೆ ಸಹಜ ಹೆರಿಗೆಯೇ ಆಗುತ್ತದೆ. ಆದರೂ ನಾರ್ವೆಯ ಜನನ ದಾಖಲೆಗಳಲ್ಲಿ 1967ರಿಂದ 2002ರವರೆಗೆ ಈ ರೋಗವಿದ್ದ 49 ತಾಯಂದಿರ 108 ಹೆರಿಗೆಗಳನ್ನು ಆರಿಸಿ ನೋಡಿದಾಗ, ಮಗು ಅಡ್ಡ ಇಲ್ಲವೆ ತಲೆ ಮೇಲಾಗಿ ನಿಂತದ್ದು, ಇಕ್ಕಳ ಬಳಸಬೇಕಾದದ್ದು, ಹೆರಿಗೆಯ ನಂತರ ರಕ್ತ ಹೆಚ್ಚು ಹೋದದ್ದು ಇತರರಿಗಿಂತ ಜಾಸ್ತಿ ಇತ್ತು. ಇಕ್ಕಳವಂತೂ ಸುಮಾರು ಮೂರು ಪಟ್ಟು. ರಕ್ತಸ್ರಾವದ ವಿಷಯದಲ್ಲಿ ಬೆಳಗಾವಿಯದೇ ಒಂದು ಹೆಗ್ಗಳಿಕೆಯಿದೆ. ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಜಿಲ್ಲೆಯ ಹಳ್ಳಿಗಳ 1,620 ಹೆರಿಗೆಗಳಲ್ಲಿ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆರಿಗೆ ಮಾಡಿಸುವ ನರ್ಸಮ್ಮನೇ ಬಾಯಿಗೆ ಕೊಡಬಹುದಾದ ಗುಳಿಗೆ ಅದು. ಹೆಚ್ಚು ರಕ್ತ ಹೋಗುವವರ ಪ್ರಮಾಣ 12%ರಿಂದ 6.4%ಕ್ಕೆ ಇಳಿಯಿತು. ನರರೋಗದವರಿಗೆಂದು ಮಾಡಿದ ಪ್ರಯೋಗವಲ್ಲ ಅದು, ಆದರೆ ಅವರಿಗೂ ಸಲ್ಲುವ ಲಾಭ.

ಆಸ್ಪತ್ರೆಯ ಮಂಚಕ್ಕಿಂತ ಮನೆಯ ಶಾಸ್ತ್ರಗಳಲ್ಲೇ ಈ ಹೆಂಗಸರಿಗೆ ಅಪಾಯ ಹೆಚ್ಚು ಎಂದರೆ ಅತಿಶಯವೆನಿಸೀತು, ಆದರೂ ನೋಡತಕ್ಕದ್ದೇ. ಕುಬಸದ ದಿನ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಬಸುರಿಯನ್ನು ಮಣೆಯ ಮೇಲೆ ಕೂರಿಸುತ್ತಾರೆ. ಉಡಿ ತುಂಬುವವರ ಸಾಲು ಕರಗುವವರೆಗೆ ಆಕೆ ಚಕ್ಕಳಮಕ್ಕಳ ಬಿಚ್ಚುವಂತಿಲ್ಲ. ಒತ್ತಡಕ್ಕೆ ಸೋಲುವ ನರದವಳಾದರೆ, ಆರತಿ ಮುಗಿದು ಏಳುವಾಗ ಪಾದ ಏಳುವುದಿಲ್ಲ. ಎಲ್ಲರಿಗೂ ಹಿಡಿಯುವ ಜೋಮು ಐದು ನಿಮಿಷಕ್ಕೆ ಬಿಟ್ಟರೆ ಅವಳದು ವಾರಗಟ್ಟಲೆ ನಿಲ್ಲುತ್ತದೆ. ಹೆರಿಗೆಯಲ್ಲಿ ಕಾಲುಗಳನ್ನು ಆಸರೆಗಂಬಕ್ಕೆ ಏರಿಸಿ ಬಹಳ ಹೊತ್ತು ಬಿಟ್ಟರೂ ಇದೇ ಗತಿ. ಬಾಣಂತನ ಇನ್ನೊಂದು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮೈ ಕಾಸುವುದು, ತಾಳುವಷ್ಟು ಬಿಸಿ ನೀರನ್ನು ಹಂಡೆಗಟ್ಟಲೆ ಸುರಿಯುವುದು ರೂಢಿ. ತಾಳುವಷ್ಟು ಎಂಬುದನ್ನು ಹೇಳಬೇಕಾದದ್ದು ಬಾಣಂತಿಯ ಚರ್ಮ. ಆ ಚರ್ಮವೇ ಸುದ್ದಿ ಮುಟ್ಟಿಸದಿದ್ದರೆ ಅಂಗಾಲಲ್ಲಿ ಬೊಬ್ಬೆ ಎದ್ದದ್ದು ಮರುದಿನ ಹಾಸಿಗೆಗೆ ಅಂಟಿದಾಗಲೇ ತಿಳಿಯುವುದು. ಇಂಥವಳ ಬಾಣಂತನದಲ್ಲಿ ನೀರಿನ ಬಿಸಿಯನ್ನು ಎರೆಯುವವಳು ತನ್ನ ಮೊಣಕೈಯಿಂದ ನೋಡಬೇಕು.

ಇಷ್ಟನ್ನೂ ತಿಳಿದ ಮೇಲೆ ಉಳಿಯುವುದು ಹೊಣೆಯ ಪ್ರಶ್ನೆ. ಈ ರೋಗವನ್ನು ತಾಯಿ ಮಗುವಿಗೆ ‘ಕೊಟ್ಟಳು’ ಎನ್ನಬಹುದೆ?

ನಮ್ಮ ಪುರಾಣಗಳು ಇದಕ್ಕೆ ಒಂದೇ ಬಾಯಲ್ಲಿ ಉತ್ತರಿಸಿಲ್ಲ. ಮಹಾಭಾರತದಲ್ಲಿ ಧೃತರಾಷ್ಟ್ರ ಕುರುಡನಾದದ್ದು ಅಂಬಿಕೆ ಕಣ್ಣು ಮುಚ್ಚಿದ್ದರಿಂದ, ಪಾಂಡು ಬಿಳಿಚಿಕೊಂಡದ್ದು ಅಂಬಾಲಿಕೆ ಬೆದರಿ ಬಿಳಿಚಿದ್ದರಿಂದ. ತಪ್ಪು ತಾಯಿಯದು. ಅದೇ ಗ್ರಂಥದ ವನಪರ್ವದಲ್ಲಿ ಅಷ್ಟಾವಕ್ರನ ಮೈ ಎಂಟು ಕಡೆ ಸೊಟ್ಟಗಾದದ್ದು ತಂದೆ ಕಹೋಡನ ಶಾಪದಿಂದ. ಬಸುರು ಹೊತ್ತ ಸುಜಾತೆಯ ಪಾತ್ರ ಅದರಲ್ಲಿ ಏನೂ ಇಲ್ಲ. ಜನಮನದಲ್ಲಿ ಬೇರೂರಿದ್ದು ಮಾತ್ರ ಮೊದಲ ಮಾದರಿ. ಗ್ರಹಣದಲ್ಲಿ ಬಸುರಿ ತರಕಾರಿ ಹೆಚ್ಚಿದರೆ ಮಗುವಿನ ಅಂಗ ಊನವಾಗುತ್ತದೆ ಎಂಬ ನಂಬಿಕೆಯಲ್ಲೂ ಕತ್ತಿ ಹಿಡಿದವಳು ತಾಯಿಯೇ.

ಶಾಸ್ತ್ರಕಾರರು ಕತೆಗಾರರಿಗಿಂತ ಎಚ್ಚರದವರು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಭರದ್ವಾಜ ಒಂದು ಚುರುಕಾದ ಪ್ರಶ್ನೆ ಎತ್ತುತ್ತಾನೆ: ಮನುಷ್ಯನಿಂದ ಮನುಷ್ಯನೇ ಹುಟ್ಟುವುದಾದರೆ, ಕುರುಡರ, ಕುಬ್ಜರ, ಮೂಕರ ಮಕ್ಕಳು ತಂದೆತಾಯಿಗಳಂತೆಯೇ ಏಕೆ ಹುಟ್ಟುವುದಿಲ್ಲ? ಆತ್ರೇಯನ ಉತ್ತರದಂತೆ ಬೀಜದ ಯಾವ ಭಾಗ ಕೆಟ್ಟಿದೆಯೋ ಆ ಭಾಗದಿಂದ ಆಗುವ ಅಂಗ ಮಾತ್ರ ಕೆಡುತ್ತದೆ, ಬೀಜದ ಆ ಭಾಗ ಕೆಡದಿದ್ದರೆ ಅಂಗವೂ ಕೆಡುವುದಿಲ್ಲ. ಪೋಷಕರ ಮೈಯಲ್ಲಿ ಕಾಣುವ ಊನವೂ ಅವರ ಬೀಜದಲ್ಲಿರುವ ದೋಷವೂ ಬೇರೆ ಬೇರೆ ಎಂಬ ವಿವೇಕ ಇಲ್ಲಿದೆ. ಇದನ್ನು ಹಿಡಿದು ಚರಕನಿಗೆ ವರ್ಣತಂತು ಗೊತ್ತಿತ್ತೆಂದು ಹೇಳುವುದು ಬಾಲಿಶ. ಅವನ ಹೆಚ್ಚುಗಾರಿಕೆ ಬೇರೆ ಕಡೆಯಿದೆ. ಗರ್ಭಕ್ಕೆ ತಾಯಿಯಿಂದ, ತಂದೆಯಿಂದ ಬರುವುದಲ್ಲದೆ ಆತ್ಮದಿಂದ, ಸಾತ್ಮ್ಯದಿಂದ, ಅನ್ನರಸದಿಂದ, ಸತ್ತ್ವದಿಂದ ಬರುವುದೂ ಇದೆ ಎಂದು ಆರು ಮೂಲಗಳನ್ನು ಅವನು ಹೇಳುತ್ತಾನೆ. ಆರರಲ್ಲಿ ಒಂದು ಪಾಲು ಮಾತ್ರ ತಾಯಿಯದು.

ಕರ್ಮಸಿದ್ಧಾಂತ ಇನ್ನೂ ಕಟ್ಟುನಿಟ್ಟು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಯಾವ ಪಾಪಕ್ಕೆ ಯಾವ ಅಂಗದೋಷ ಎಂಬ ಪಟ್ಟಿಯಿದೆ. ಕುದುರೆ ಕದ್ದವನು ಕುಂಟನಾಗುತ್ತಾನೆ. ಇಂದು ಓದಿದರೆ ಕ್ರೂರವೆನಿಸುವ ಪಟ್ಟಿ. ಅಲ್ಲಿಯೂ ಕುಂಟನಾಗುವವನು ಕದ್ದವನೇ, ಕದ್ದವನ ಮಗನಲ್ಲ. ಮಾಡಿದ ಕರ್ಮ ಫಲ ಕೊಡದೆ ಹೋಗುವುದೂ, ಮಾಡದ ಕರ್ಮದ ಫಲ ಬಂದು ತಗಲುವುದೂ ಆಗಕೂಡದು ಎಂಬುದು ಕೃತಹಾನಿ, ಅಕೃತಾಭ್ಯಾಗಮ ಎಂಬ ಎರಡು ದೋಷಗಳ ಹೆಸರಲ್ಲಿ ಶಂಕರರಾದಿಯಾಗಿ ಎಲ್ಲರೂ ಕಾಯ್ದುಕೊಂಡ ನಿಯಮ. ‘ಅವ್ವ ಮಾಡಿದ ಪಾಪ ಮಗಳ ಕಾಲಿಗೆ ಬಂತು’ ಎನ್ನುವವರು ಕರ್ಮವನ್ನು ನಂಬುವವರಂತೆ ಮಾತಾಡುತ್ತಿದ್ದರೂ ಅದನ್ನೇ ಮುರಿಯುತ್ತಿದ್ದಾರೆ. ಜೈನರ ಮಾತೂ ಇದೇ. 1204ರಲ್ಲಿ ರಟ್ಟ ಅರಸರ ಮಂತ್ರಿ ಬೀಚಿರಾಜ ಕಟ್ಟಿಸಿದ ಕಮಲ ಬಸದಿ ಬೆಳಗಾವಿಯ ಕೋಟೆಯೊಳಗಿದೆ. ಅಲ್ಲಿಗೆ ನಡೆದುಕೊಳ್ಳುವ ಜೈನರ ಎಂಟು ಕರ್ಮಗಳಲ್ಲಿ ನಾಮಕರ್ಮವೆಂಬುದೊಂದು. ದೇಹದ ಆಕಾರ, ಕಟ್ಟು, ಅಂಗಾಂಗ ಎಲ್ಲ ಅದರ ಕೆಲಸ, ಮತ್ತು ಅದು ಆಯಾ ಜೀವದ ಸ್ವಂತ ಗಳಿಕೆ. ತಂದೆ ತಾಯಿ ನಿಮಿತ್ತ ಮಾತ್ರ. ತಾಯಿಯನ್ನು ದೂರುವುದಕ್ಕೆ ಇಲ್ಲಿ ಎಡೆಯೇ ಇಲ್ಲ.

ಹಾಗಂತ ಕರ್ಮವಾದ ಎಲ್ಲವನ್ನೂ ಬಗೆಹರಿಸಿತು ಎನ್ನುವಂತಿಲ್ಲ. ತಾಯಿಯ ತಲೆಯಿಂದ ಇಳಿಸಿದ ಹೊರೆಯನ್ನು ಅದು ಮಗುವಿನ ತಲೆಗೇ ಏರಿಸುತ್ತದೆ, ಹುಟ್ಟುವ ಮೊದಲೇ. ನೆನಪಿಲ್ಲದ ತಪ್ಪಿಗೆ ಬಂದ ಶಿಕ್ಷೆಯಿಂದ ಮಗು ಕಲಿಯುವುದೇನು ಎಂಬ ಹಳೆಯ ಆಕ್ಷೇಪಕ್ಕೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಪಶ್ಚಿಮದ ಚರ್ಚೆ ಬೇರೆ ಕಡೆಯಿಂದ ಹೊರಟು ಇಲ್ಲಿಗೇ ಬಂದು ಸಿಕ್ಕಿಹಾಕಿಕೊಂಡಿದೆ. 1984ರ ತನ್ನ ಗ್ರಂಥದಲ್ಲಿ ಡೆರೆಕ್ ಪಾರ್ಫಿಟ್ ಒಂದು ಒಗಟನ್ನು ಮುಂದಿಟ್ಟ. ಈ ಬಸುರಿನಿಂದಲ್ಲದೆ ಈ ಮಗು ಹುಟ್ಟುವಂತೆಯೇ ಇರಲಿಲ್ಲ. ಬದುಕು ಬದುಕಲು ಯೋಗ್ಯವಾಗಿದ್ದರೆ, ಹುಟ್ಟಿಸಿದ್ದರಿಂದ ಅದಕ್ಕೆ ಅನ್ಯಾಯವಾಯಿತೆಂದು ಹೇಳುವುದು ಹೇಗೆ? ಬೇರೆ ಮಗುವಿಗೆ ಹೋಲಿಸಿ ಇದಕ್ಕೆ ನಷ್ಟವಾಯಿತೆನ್ನಲು ಆ ಬೇರೆ ಮಗು ಇದಲ್ಲವಲ್ಲ. ಶಾರ್ಕೊ–ಮೇರಿ–ಟೂತ್ ಇರುವವರು ಓದುತ್ತಾರೆ, ದುಡಿಯುತ್ತಾರೆ, ಸಾಮಾನ್ಯವಾಗಿ ಎಲ್ಲರಷ್ಟೇ ಕಾಲ ಬಾಳುತ್ತಾರೆ; ಅವರ ಬದುಕು ಬದುಕಲು ಯೋಗ್ಯವಲ್ಲ ಎನ್ನಲು ಕಾರಣವಿಲ್ಲ. ಆದ್ದರಿಂದ ಪಾರ್ಫಿಟನ ತರ್ಕದಲ್ಲಿ ತಾಯಿ ಗೆಲ್ಲುತ್ತಾಳೆ. ಪುನರ್ಜನ್ಮವನ್ನು ನಂಬುವವರಿಗೆ ಈ ತರ್ಕ ಒದಗುವುದಿಲ್ಲ ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ಜೀವ ಮೊದಲೇ ಇದೆ. ಈ ಒಡಲಲ್ಲಿ ಬಾರದಿದ್ದರೆ ಇನ್ನೊಂದರಲ್ಲಿ ಬರುತ್ತಿತ್ತು. ‘ನಾನು ಹೆರದಿದ್ದರೆ ನೀನೇ ಇರುತ್ತಿರಲಿಲ್ಲ’ ಎಂದು ಜೈನ ತಾಯಿ ಮಗಳಿಗೆ ಹೇಳುವಂತಿಲ್ಲ. ಅವಳಿಗೆ ಬಿಡುಗಡೆ ಸಿಗುವುದು ಇನ್ನೊಂದು ದಾರಿಯಿಂದ: ಆ ಜೀವ ಈ ಒಡಲನ್ನು ಹುಡುಕಿಕೊಂಡು ಬಂದದ್ದು ತನ್ನದೇ ಲೆಕ್ಕದ ಮೇಲೆ. ಒಂದು ದಾರಿಯಲ್ಲಿ ಹೋಲಿಕೆಯೇ ಇಲ್ಲದಾಗುತ್ತದೆ, ಇನ್ನೊಂದರಲ್ಲಿ ಕೊಡುವವಳೇ ಇಲ್ಲದಾಗುತ್ತಾಳೆ. ಒಂದಕ್ಕೊಂದು ಒಪ್ಪದ ಎರಡು ದರ್ಶನಗಳು ತಾಯಿ ತಪ್ಪಿತಸ್ಥಳಲ್ಲ ಎಂಬ ಒಂದೇ ಮಾತಿಗೆ ಬಂದು ನಿಲ್ಲುವುದು ಆಕಸ್ಮಿಕವಿರಲಾರದು.

ಆಚರಣೆಗಳಲ್ಲಿ ತತ್ವಕ್ಕಿಂತ ಸೂಕ್ಷ್ಮವಾದ ತಿಳಿವು ಅಡಗಿರುವುದುಂಟು. ಲಿಂಗಾಯತ ಸಂಪ್ರದಾಯದಲ್ಲಿ ಎಂಟನೆಯ ತಿಂಗಳಲ್ಲಿ ಗರ್ಭಕ್ಕೇ ಲಿಂಗಧಾರಣೆಯಾಗುತ್ತದೆ. ಮಗು ಹೆಣ್ಣೋ ಗಂಡೋ, ಕಾಲು ನೆಟ್ಟಗಿದೆಯೋ ಸೊಟ್ಟಗಿದೆಯೋ ಯಾರೂ ಕಂಡಿರುವುದಿಲ್ಲ. ಕಾಣುವ ಮೊದಲೇ ಅದು ಭಕ್ತರ ಸಮುದಾಯಕ್ಕೆ ಸೇರಿಬಿಡುತ್ತದೆ. ಜನನಸೂತಕವನ್ನು ಶರಣರು ತಳ್ಳಿಹಾಕಿದ್ದನ್ನೂ ಇದರೊಂದಿಗೆ ಇಟ್ಟು ನೋಡಬೇಕು. ಐದನೆಯ ರಾತ್ರಿಯ ಶೆಟಿಗೆವ್ವನ ಪೂಜೆ ಇನ್ನೊಂದು ಬಗೆ. ಮರಾಠಿ ಮನೆಗಳಲ್ಲಿ ಅವಳೇ ಸಟವಾಯಿ. ಕೂಸಿನ ತಲೆದೆಸೆಯಲ್ಲಿ ಬಿಳಿ ಹಾಳೆ, ಲೇಖನಿ ಇಟ್ಟು ದೀಪ ಹಚ್ಚುತ್ತಾರೆ. ನಡುರಾತ್ರಿ ಅವಳು ಬಂದು ಹಣೆಬರಹ ಬರೆಯುತ್ತಾಳೆಂದು ನಂಬಿಕೆ. ಬರೆಯುವವಳು ತಾಯಿಯಲ್ಲ, ಹೊರಗಿನಿಂದ ಬರುವ ದೇವತೆ. ಬರಹದ ದಿನವೂ ಹುಟ್ಟಿದ ಮೇಲೆಯೇ. ಬೀಜದ ಬರಹ ಮೊದಲೇ ಮುಗಿದಿರುತ್ತದೆಂದು ತಳಿವಿಜ್ಞಾನ ಹೇಳುತ್ತದೆ ನಿಜ. ಆದರೆ ಒಂದೇ ಬೀಜದೋಷ ಹೊತ್ತ ಅಣ್ಣತಮ್ಮಂದಿರಲ್ಲಿ ರೋಗ ಬೇರೆ ಬೇರೆಯಾಗಿ ನಡೆಯುವುದನ್ನು ಕಂಡರೆ, ಐದನೆಯ ರಾತ್ರಿಗೂ ಏನೋ ಉಳಿದಿರುತ್ತದೆ ಎಂದ ಅಜ್ಜಿಯರನ್ನು ಪೂರಾ ತಳ್ಳಿಹಾಕಲಾಗದು.

ಮೊದಲೇ ತಿಳಿದುಕೊಳ್ಳುವ ದಾರಿ ಈಗ ಇದೆ. ಮನೆತನದ ವಂಶವಾಹಿ ದೋಷ ಯಾವುದೆಂದು ಗೊತ್ತಿದ್ದರೆ, ಹನ್ನೊಂದನೆಯ ವಾರದ ಹೊತ್ತಿಗೆ ಮಾಸಿನ ಎಳೆಯನ್ನೋ ಹದಿನಾರನೆಯ ವಾರದ ಹೊತ್ತಿಗೆ ಗರ್ಭಜಲವನ್ನೋ ತೆಗೆದು ಪರೀಕ್ಷಿಸಬಹುದು. ಇಲ್ಲಿ ಧರ್ಮಗಳು ಬೇರೆಬೇರೆಯಾಗುತ್ತವೆ. ಗರ್ಭಕ್ಕೆ 120 ದಿನಕ್ಕೆ ಜೀವಾತ್ಮ ಬರುತ್ತದೆಂಬುದು ಬಹಳಷ್ಟು ಇಸ್ಲಾಮಿ ವಿದ್ವಾಂಸರ ಮತ. ಮಕ್ಕಾದ ಫಿಕ್ಹ್ ಪರಿಷತ್ತು 1990ರಲ್ಲಿ, ಗುಣವಾಗದ ತೀವ್ರ ವೈಕಲ್ಯ ಖಚಿತವಾದರೆ ಆ ಅವಧಿಯೊಳಗೆ ಗರ್ಭಪಾತಕ್ಕೆ ಅವಕಾಶವಿದೆ ಎಂದಿತು. ಈ ನರರೋಗ ಆ ಮಾತಿನ ವ್ಯಾಪ್ತಿಗೆ ಬರುವಷ್ಟು ತೀವ್ರವೇ ಎಂಬುದು ಬೇರೆ. ಕ್ಯಾಥೊಲಿಕ್ ಚರ್ಚು 1987ರಲ್ಲಿ ಪರೀಕ್ಷೆಯನ್ನು ಆರೈಕೆಯ ಸಲುವಾಗಿ ಒಪ್ಪಿ, ತೆಗೆಸುವ ಉದ್ದೇಶಕ್ಕೆ ಬೇಡವೆಂದಿತು. ದೇಶದ ಕಾನೂನು 24 ವಾರದವರೆಗೆ ಕೆಲವು ವರ್ಗದ ಹೆಂಗಸರಿಗೆ ಅವಕಾಶ ಕೊಡುತ್ತದೆ. 2021ರ ನಿಯಮಗಳಂತೆ ಹೆಚ್ಚಿನ ಅಂಗವೈಕಲ್ಯವುಳ್ಳವರೂ ಅದರಲ್ಲಿ ಸೇರಿದ್ದಾರೆ. ಅವಕಾಶವೆಂದರೆ ಒತ್ತಾಯವಲ್ಲ. ವೈಕಲ್ಯವಿರುವ ಹೆಣ್ಣಿನ ಬಸುರನ್ನು ಅವಳ ಸ್ಪಷ್ಟ ಒಪ್ಪಿಗೆಯಿಲ್ಲದೆ ತೆಗೆಸುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸದ ಅಪರಾಧ. ತೀರಾ ತೀವ್ರ ವೈಕಲ್ಯದಲ್ಲಿ ಮಾತ್ರ ವೈದ್ಯರ ಅಭಿಪ್ರಾಯ, ಪೋಷಕರ ಸಮ್ಮತಿಯೆಂಬ ವಿನಾಯಿತಿ. ಹೆರುವುದು, ಬಿಡುವುದು ಹೆಣ್ಣಿನ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆ. ‘ನಿನ್ನ ಒಳ್ಳೇದಕ್ಕs ಹೇಳತೀವಿ’ ಎಂದು ಆಸ್ಪತ್ರೆಗೆ ಕರೆದೊಯ್ಯುವ ಅತ್ತೆಯರಿಗೆ, ತವರಿನವರಿಗೆ 2016ರ ಕಾಯ್ದೆಯ ಆ ಕಲಮು ಗೊತ್ತಿರುವುದು ಅಪರೂಪ.

ಹುಟ್ಟಿದ ಮಗುವಿನ ರಕ್ತ ತೆಗೆಸಿ ‘ಬಂದೈತೋ ಇಲ್ಲೋ’ ನೋಡಿಬಿಡೋಣ ಎಂಬ ಅವಸರ ಮುಂದಿನ ಹೆಜ್ಜೆ. ರೋಗವನ್ನು ತಡೆಯುವ ಔಷಧ ಇಂದಿಗೂ ಇಲ್ಲ. ಲಕ್ಷಣ ಕಾಣದ ಮಗುವಿಗೆ ಪರೀಕ್ಷೆ ಮಾಡಿಸಿ ದಕ್ಕುವುದು ಬರೀ ಒಂದು ಚೀಟಿ. ಅದು ಹೆಣ್ಣುಮಗುವಾದರೆ ಆ ಚೀಟಿ ಇಪ್ಪತ್ತು ವರ್ಷದ ನಂತರ ವರ ನೋಡಲು ಬಂದವರ ಮುಂದೆ ತೆರೆದುಕೊಳ್ಳುತ್ತದೆ. ಹಾಗಾಗಿ ಲಕ್ಷಣವಿಲ್ಲದ ಮಕ್ಕಳ ಪರೀಕ್ಷೆಯನ್ನು ಅವರೇ ಬೆಳೆದು ಕೇಳುವವರೆಗೆ ಮುಂದೂಡುವುದು ತಳಿವೈದ್ಯರ ಸಾಮಾನ್ಯ ರೂಢಿ. ಅಲ್ಲಿಯವರೆಗೆ ಮಗು ನಡೆಯಲು ಕಲಿತ ಮೇಲೆ ಹಿಮ್ಮಡಿ ಊರಿ ನಡೆಯುತ್ತದೆಯೇ, ಪದೇಪದೇ ಎಡವುತ್ತದೆಯೇ, ಚಪ್ಪಲಿ ಯಾವ ಬದಿಗೆ ಸವೆಯುತ್ತದೆ ಎಂಬುದನ್ನು ಮನೆಯವರು ಗಮನಿಸುತ್ತಿದ್ದರೆ ಸಾಕು. ಲಕ್ಷಣ ಕಂಡ ಮಗುವಿನ ಮಾತು ಬೇರೆ. ಅದಕ್ಕೆ ಆಸರೆಪಟ್ಟಿ, ವ್ಯಾಯಾಮ ಬೇಕು, ವಿಂಕ್ರಿಸ್ಟಿನ್‌ನಂಥ ಕ್ಯಾನ್ಸರ್ ಔಷಧಗಳು ಈ ನರಗಳಿಗೆ ವಿಷವೆಂಬ ಎಚ್ಚರಿಕೆ ಅದರ ಆಸ್ಪತ್ರೆಯ ಕಡತದ ಮೇಲೆ ದಪ್ಪ ಅಕ್ಷರದಲ್ಲಿ ಇರಬೇಕು.